ತಾರಸಿ ಕೋಣೆಯ ಸೆಕೆ ಇಳಿಸಲು ಹಿಡಿದ ಒಂದು ವರ್ಷ

ತೀರ್ಥಹಳ್ಳಿಗೆ ಸಮೀಪದ ಹಳ್ಳಿಯಲ್ಲಿರುವ ನಮ್ಮ ಮನೆ ಎರಡು ಕಾಲಕ್ಕೆ ಸೇರಿದ್ದು. ಮುಂಭಾಗವು ಮಂಗಳೂರು ಹೆಂಚಿನ, ಮಣ್ಣಿನ ಗೋಡೆಯ ಹಳೆಯ ಮನೆ. ಹಿಂಭಾಗದಲ್ಲಿ 2004ರಲ್ಲಿ ಕಟ್ಟಿಸಿದ ಎರಡು ಆರ್‌ಸಿಸಿ ಕೋಣೆಗಳಿವೆ. ತಾರಸಿ ಸೋರುತ್ತದೆಂದು 2016ರಲ್ಲಿ ಅದರ ಮೇಲೆ ಬಣ್ಣದ ತಗಡಿನ ಶೀಟ್ ಹಾಕಿಸಿ, ಮಳೆಯ ಎರಚಲು ಒಳಗೆ ಬಾರದಂತೆ ನಾಲ್ಕೂ ಕಡೆ ಶೀಟಿನಿಂದಲೇ ಮುಚ್ಚಿಸಿದ್ದೆವು. ಸೋರಿಕೆ ನಿಂತಿತು. ಆದರೆ ಬಚ್ಚಲು ಹತ್ತಿರವೆಂಬ ಕಾರಣಕ್ಕೆ ಎಂಬತ್ನಾಲ್ಕರ ಮಾವನವರು ಮಲಗುವುದು ಆ ತಾರಸಿ ಕೋಣೆಯಲ್ಲಿ. 2024ರ ಬೇಸಿಗೆಯಲ್ಲಿ ಅವರು ರಾತ್ರಿ ಹನ್ನೊಂದರವರೆಗೂ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂರುವುದನ್ನು ನೋಡಲಾಗದೆ ಏನಾದರೂ ಮಾಡಲೇಬೇಕೆಂದು ನಿಶ್ಚಯಿಸಿದೆವು. ಆ ಕೆಲಸ ಮುಗಿದದ್ದು ಈ ವರ್ಷದ ಜನವರಿಯಲ್ಲಿ. ನಡುವೆ ಒಮ್ಮೆ ದುಡ್ಡು ಕಳೆದುಕೊಂಡೆವು, ಒಂದು ಮಳೆಗಾಲವನ್ನು ಕಾದು ಕಳೆದೆವು. ಇದೇ ಕೆಲಸಕ್ಕೆ ಹೊರಟವರಿಗೆ ಅದರ ವಿವರ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ.

ಮೊದಲು ಯೋಚಿಸಿದ್ದು ಎಲ್ಲರಂತೆ ಎಸಿಯನ್ನೇ. ಒಂದೂವರೆ ಟನ್ನಿನ ಯಂತ್ರಕ್ಕೆ 38,000 ರೂಪಾಯಿ, ಪ್ರತ್ಯೇಕ ವೈರಿಂಗ್‌ಗೆ ಇನ್ನಷ್ಟು ಎಂದರು. ಅದು ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ ಎಳೆಯುತ್ತದೆಂದು ಹಿಡಿದರೂ ರಾತ್ರಿ ಎಂಟು ಗಂಟೆ ಓಡಿದರೆ ತಿಂಗಳಿಗೆ 240 ಯೂನಿಟ್ ಆಗುತ್ತದೆ. ನಮ್ಮ ಮನೆಯ ಬಳಕೆ ಸರಾಸರಿ 112 ಯೂನಿಟ್. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ ಹೆಚ್ಚಿನದಕ್ಕೆ ಮಾತ್ರವಲ್ಲ, ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ತಡೆದದ್ದು ಇನ್ನೊಂದು ಪ್ರಶ್ನೆ. ಅದೇ ಮನೆಯ, ಅದೇ ಬಿಸಿಲಿನ ಕೆಳಗಿನ ಹಳೆಯ ನಡುಮನೆಯಲ್ಲಿ ಫ್ಯಾನ್ ಕೂಡ ಬೇಕಾಗದಿರುವಾಗ, ಹತ್ತು ಹೆಜ್ಜೆ ಆಚೆಗಿನ ಕೋಣೆ ಏಕೆ ಒಲೆಯಂತಿರಬೇಕು? ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳಾಗಿ ಇದನ್ನು ಅಳೆಯದೆ ಬಿಡಲು ಮನಸ್ಸಾಗಲಿಲ್ಲ.

ಉಷ್ಣಾಂಶ ಮತ್ತು ತೇವಾಂಶ ಎರಡನ್ನೂ ತೋರಿಸುವ ಎರಡು ಸಣ್ಣ ಡಿಜಿಟಲ್ ಮಾಪಕಗಳನ್ನು ತಲಾ 450 ರೂಪಾಯಿಗೂ, ದೂರದಿಂದಲೇ ಮೇಲ್ಮೈಯ ಬಿಸಿ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು 1,100 ರೂಪಾಯಿಗೂ ತರಿಸಿದೆ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ನನ್ನೇ ಬಳಸಬಹುದೆಂದುಕೊಂಡಿದ್ದೆ. ಅದು ಮೈಜ್ವರದ ಆಸುಪಾಸಿನ ಅಂಕಿಗಳಿಗಷ್ಟೇ ಸರಿಹೊಂದುವಂಥದ್ದು, ಈ ಕೆಲಸಕ್ಕೆ ಬರುವುದಿಲ್ಲ. 2025ರ ಮಾರ್ಚ್‌ನಲ್ಲಿ ಹತ್ತು ದಿನ, ದಿನಕ್ಕೆ ಐದು ಸಲ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಹೊರಗೆ ಮಧ್ಯಾಹ್ನ 36 ಡಿಗ್ರಿ ಇದ್ದ ದಿನ ಶೀಟಿನ ಒಳಮೈ 58, ಶೀಟಿಗೂ ತಾರಸಿಗೂ ನಡುವಿನ ಗಾಳಿ 44. ಕೋಣೆಯೊಳಗಿನಿಂದ ನೋಡಿದರೆ ಸೂರಿನ ಬಿಸಿ ಮಧ್ಯಾಹ್ನ ಎರಡಕ್ಕೆ ಬರೀ 36, ಐದಕ್ಕೆ 40, ರಾತ್ರಿ ಎಂಟಕ್ಕೆ 41, ಹನ್ನೊಂದಕ್ಕೆ 38. ಐದಿಂಚಿನ ಕಾಂಕ್ರೀಟು ಹಗಲೆಲ್ಲ ಹೀರಿಕೊಂಡ ಶಾಖವನ್ನು ಕೆಲವು ಗಂಟೆ ತಡಮಾಡಿ, ಸರಿಯಾಗಿ ಮಾವನವರು ಮಲಗುವ ಹೊತ್ತಿಗೆ ಕೆಳಗಿಳಿಸುತ್ತಿತ್ತು. ರಾತ್ರಿ ಹತ್ತಕ್ಕೆ ಆ ಕೋಣೆಯ ಗಾಳಿ 33 ಡಿಗ್ರಿ, ಹಳೆಯ ನಡುಮನೆಯದು 28.5. ಅಳತೆ ತೆಗೆಯುವವರು ಮಧ್ಯಾಹ್ನ ಮಾತ್ರ ನೋಡಿ ಬಿಡಬಾರದು. ಎರಡು ಗಂಟೆಗಷ್ಟೇ ನೋಡಿದ್ದರೆ ನಾನೂ ಸೂರಿನಲ್ಲಿ ದೋಷವೇ ಇಲ್ಲವೆಂದುಕೊಳ್ಳುತ್ತಿದ್ದೆ.

ಇಷ್ಟು ತಿಳಿದ ಮೇಲೂ ಮೊದಲ ಹೆಜ್ಜೆ ತಪ್ಪಿಯೇ ಇಟ್ಟೆವು. ಏಪ್ರಿಲ್‌ನಲ್ಲಿ ಪಟ್ಟಣದಿಂದ ಬಂದ ಒಬ್ಬ ವ್ಯಾಪಾರಿ, ಗಾಳಿಗುಳ್ಳೆಗಳ ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಹೊದಿಕೆಯ ತುಂಡೊಂದನ್ನು ನಮ್ಮ ಸೂರಿಗೆ ಹಿಡಿದು, ನನ್ನದೇ ಥರ್ಮಾಮೀಟರಿನಲ್ಲಿ ಅಳೆದು ತೋರಿಸಿದರು. ಪಕ್ಕದ ಕಾಂಕ್ರೀಟು 40 ಇದ್ದರೆ ಹಾಳೆಯ ಮೇಲೆ 32. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು ಎಂದು 14,800 ರೂಪಾಯಿಗೆ ಎರಡೂ ಕೋಣೆಯ ಸೂರಿಗೆ ಅಂಟಿಸಲು ಒಪ್ಪಿದೆವು. ಚಂದ ಕಾಣಲೆಂದು ಬಿಳಿಯ ಪ್ಲಾಸ್ಟಿಕ್ ಮುಖವನ್ನು ಕೆಳಕ್ಕೆ ಮಾಡಿ, ಹೊಳೆಯುವ ಮುಖವನ್ನು ಕಾಂಕ್ರೀಟಿಗೆ ನೇರವಾಗಿ ಗೋಂದಿನಿಂದ ಅಂಟಿಸಿದರು. ಆ ರಾತ್ರಿ ಎಂಟಕ್ಕೆ ಅಳೆದರೆ 39! ನನ್ನ ಮುಖ ಪೆಚ್ಚಾಯಿತು.

ಕಾರಣ ಆಮೇಲೆ ಪುಸ್ತಕ ತೆರೆದು ನೋಡಿದಾಗ ಹೊಳೆಯಿತು. ಇನ್‌ಫ್ರಾರೆಡ್ ಥರ್ಮಾಮೀಟರು ಮೇಲ್ಮೈಯಿಂದ ಹೊರಡುವ ವಿಕಿರಣವನ್ನು ಅಳೆಯುತ್ತದೆ. ಹೊಳೆಯುವ ಲೋಹದ ಹಾಳೆ ತನ್ನದೇ ಶಾಖವನ್ನು ಬಹಳ ಕಡಿಮೆ ಸೂಸಿ, ಎದುರಿಗಿರುವುದನ್ನು ಕನ್ನಡಿಯಂತೆ ಪ್ರತಿಫಲಿಸುವುದರಿಂದ, ಅಂದು ಅಳೆದದ್ದು ಹಾಳೆಯ ಬಿಸಿಯನ್ನಲ್ಲ, ನಮ್ಮ ನೆಲದ ಬಿಸಿಯನ್ನು. ಹಾಳೆಯ ಮೇಲೆ ಕಾಗದದ ಟೇಪಿನ ತುಂಡೊಂದನ್ನು ಅಂಟಿಸಿ ಟೇಪನ್ನು ಅಳೆದಿದ್ದರೆ ನಿಜ ಅಂಕಿ ಸಿಗುತ್ತಿತ್ತು. ಇಂತಹ ಹಾಳೆ ಸುಳ್ಳು ವಸ್ತುವೇನಲ್ಲ; ಆದರೆ ಅದರ ಹೊಳೆಯುವ ಮುಖದ ಮುಂದೆ ಖಾಲಿ ಗಾಳಿಯ ಜಾಗವಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಕಾಂಕ್ರೀಟಿಗೆ ಮೆತ್ತಿದ ಕೂಡಲೇ ಆ ಗುಣ ಸತ್ತು, ಉಳಿಯುವುದು ಕೆಲವು ಮಿಲಿಮೀಟರ್ ದಪ್ಪದ ಗುಳ್ಳೆ ಪ್ಲಾಸ್ಟಿಕ್ ಮಾತ್ರ. ಶೀಟಿನ ಕೆಳಗೆ, ನಾಲ್ಕಿಂಚು ಅಂತರ ಬಿಟ್ಟು, ಹೊಳೆಯುವ ಮುಖ ಕೆಳಗಾಗಿ ಕಟ್ಟಿಸಿದ್ದರೆ ಅದೇ ದುಡ್ಡಿಗೆ ಎಷ್ಟೋ ಪಾಲು ಹೆಚ್ಚು ಉಪಯೋಗವಾಗುತ್ತಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಮಳೆಗಾಲದಲ್ಲಿ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳವನ್ನು ಮುಟ್ಟಿತು. ನಮ್ಮಲ್ಲೂ ಮೇ ಕೊನೆಗೇ ಜಡಿಮಳೆ ಹಿಡಿದು, ಶೀಟಿನ ಕೆಲಸ ಮಾಡಿಸುವ ಮಾತೇ ಇಲ್ಲವಾಯಿತು. ಜುಲೈ ಹೊತ್ತಿಗೆ ಕೋಣೆಯಲ್ಲಿ ಹಳಸಲು ವಾಸನೆ ಶುರುವಾಯಿತು, ಮಾವನವರಿಗೆ ಕೆಮ್ಮು ಹಿಡಿಯಿತು. ತೇವಾಂಶ ಮಾಪಕ ವಾರಗಟ್ಟಲೆ 90ಕ್ಕಿಂತ ಕೆಳಗೆ ಇಳಿಯಲಿಲ್ಲ. ಮೂಲೆಯಲ್ಲಿ ಹಾಳೆಯ ತುದಿ ಬಿಡಿಸಿ ನೋಡಿದರೆ ಅದರ ಹಿಂದೆ ಕಾಂಕ್ರೀಟೆಲ್ಲ ಒದ್ದೆಯಾಗಿ ಕಪ್ಪು ಬೂಷ್ಟು ಹಬ್ಬಿತ್ತು. ತಂಪಾದ ಕಾಂಕ್ರೀಟಿಗೂ ಗಾಳಿಯಾಡದ ಪ್ಲಾಸ್ಟಿಕ್ಕಿಗೂ ನಡುವೆ ನುಸುಳಿದ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಕೂತಿತ್ತು, ಗೋಂದು ಬೂಷ್ಟಿಗೆ ಊಟವಾಗಿತ್ತು. ಆಗಸ್ಟಿನಲ್ಲಿ ಎಲ್ಲವನ್ನೂ ಕಿತ್ತು, ಬ್ರಷ್ಷಿನಿಂದ ಉಜ್ಜಿ, ಮಾವನವರನ್ನು ನಡುಮನೆಗೆ ಸಾಗಿಸಿದೆವು. ಬಿಸಿಲು ಸೀಮೆಯವರ ಸಲಹೆಗಳನ್ನು ನಾವು ಕಣ್ಣುಮುಚ್ಚಿ ಪಾಲಿಸಬಾರದೆಂದು ನನಗೆ ಅನಿಸಿದ್ದು ಆಗಲೇ: ಅವರಿಗೆ ಶಾಖದ ಚಿಂತೆ ಮಾತ್ರ, ನಮಗೆ ಅದರೊಂದಿಗೆ ಐದು ತಿಂಗಳ ನೀರಿನ ಚಿಂತೆಯೂ ಇದೆ. ತಾರಸಿಗೆ ಬಳಿಯುವ ಬಿಳಿ ಬಣ್ಣವೂ ಹಾಗೆಯೇ; ಬಿಸಿಲನ್ನು ಹಿಂದಿರುಗಿಸುವುದೇನೋ ನಿಜ, ಆದರೆ ತೆರೆದ ತಾರಸಿಯಲ್ಲಿ ಒಂದು ಮಳೆಗಾಲ ಕಳೆದರೆ ಪಾಚಿ ಕಟ್ಟಿ ಕಪ್ಪಾಗುವುದರಿಂದ ವರ್ಷಾ ವರ್ಷಾ ಉಜ್ಜಿ ತೊಳೆಯಲು ಸಿದ್ಧರಿರಬೇಕು.

ಉತ್ತರ ಸಿಕ್ಕಿದ್ದು ತಲೆಯ ಮೇಲೆಯೇ. ನಡುಮನೆಯಲ್ಲಿ ಮಲಗಿ ಬೇಸರವಾದ ಮಾವನವರು ಒಂದು ಸಂಜೆ, "ಅಲ್ಲ ಮಾರಾಯ್ತಿ, ಊರೆಲ್ಲ ಹುಡುಕ್ತೀಯಲ್ಲ, ಈ ಮುಚ್ಚಿಗೆ ಮೇಲೆ ಏನಿದೆ ಅಂತ ಒಂದು ಸಲ ಹತ್ತಿ ನೋಡಿದ್ದೀಯಾ?" ಎಂದರು. ಮದುವೆಯಾಗಿ ಬಂದು ಇಪ್ಪತ್ತಮೂರು ವರ್ಷವಾದರೂ ನಾನು ಅಟ್ಟ ಹತ್ತಿರಲಿಲ್ಲ. ತೊಲೆಗಳ ಮೇಲೆ ಹಲಸಿನ ಹಲಗೆ, ಅದರ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಮೆತ್ತಿದ ಮಣ್ಣು. ಅದರ ಮೇಲೆ ಆಳೆತ್ತರದ ಖಾಲಿ ಜಾಗ. ಅದರ ಮೇಲೆ ಪಕಾಸಿ, ರೀಪು, ಹೆಂಚು. ಹೆಂಚಿನ ಸಂದುಗಳಿಂದ ಗಾಳಿ ಸುಯ್ಯೆನ್ನುತ್ತಿತ್ತು. ಹೆಂಚು ಬಿಸಿಲನ್ನು ಮೇಲೆಯೇ ಹಿಡಿಯುತ್ತದೆ, ಬಿಸಿಯಾದ ಗಾಳಿ ಸಂದುಗಳಲ್ಲಿ ಹೊರಟುಹೋಗುತ್ತದೆ, ಉಳಿದದ್ದನ್ನು ಮಣ್ಣು ಮತ್ತು ಮರ ತಡೆಯುತ್ತವೆ, ತೇವ ಬಂದರೂ ಒಣಗಲು ಗಾಳಿ ಇದೆ. ಹಿಂಭಾಗದಲ್ಲಿ ನಾವು ಹೆಂಚಿನ ಬದಲು ಶೀಟ್ ಹಾಕಿ, ಗಾಳಿಯ ದಾರಿಯನ್ನು ಮುಚ್ಚಿ, ಮುಚ್ಚಿಗೆಯನ್ನು ಮರೆತಿದ್ದೆವು. ಹಾಗಾದರೆ ಮಾಡಬೇಕಾದದ್ದು ಎರಡೇ: ಶೀಟಿನ ಪಕ್ಕಗಳನ್ನು ತೆರೆಯುವುದು, ತಾರಸಿಯ ಮೇಲೆ ಮುಚ್ಚಿಗೆಗೆ ಸಮನಾದ ಒಂದು ಪದರ ಹಾಸುವುದು.

ಯಾವ ಪದರ ಎಂಬುದಕ್ಕೆ ಹೆಚ್ಚು ತಲೆ ಕೆಡಿಸಿಕೊಂಡೆ. ಸಾಮಾನ್ಯ ಥರ್ಮೋಕೋಲ್ ಅಗ್ಗ, ಆದರೆ ಇಲಿ ಕೊರೆಯುತ್ತದೆ. ರಾಕ್‌ವೂಲ್ ಬೆಂಕಿಗೆ ಹೆದರುವುದಿಲ್ಲ, ಆದರೆ ಒದ್ದೆಯಾದರೆ ಅದರ ಗುಣವೇ ಹೋಗುತ್ತದೆ, ನಮ್ಮ ಹವೆಯಲ್ಲಿ ಅದನ್ನು ನಂಬಲು ಧೈರ್ಯ ಬರಲಿಲ್ಲ. ಕೊನೆಗೆ ನೀರು ಹೀರದ, ಗಟ್ಟಿಯಾದ ಎಕ್ಸ್‌ಪಿಎಸ್ ಎಂಬ ನೊರೆಹಲಗೆಯನ್ನು ಆರಿಸಿದೆವು. ಇದೂ ಥರ್ಮೋಕೋಲಿನ ಜಾತಿಯದೇ, ಬೆಂಕಿ ಹತ್ತಿದರೆ ವಿಷದ ಹೊಗೆ ಬರುತ್ತದೆ; ಆದ್ದರಿಂದ ಬಚ್ಚಲ ಒಲೆಯ ಹೊಗೆಕೊಳವೆಯ ಸುತ್ತ ಎರಡಡಿ ಬಿಡಿಸಿದ್ದೇನೆ, ಮೇಲೆ ಕಾಂಕ್ರೀಟು ಹೊದಿಸಿದ್ದೇನೆ. ದಪ್ಪದ ಲೆಕ್ಕಕ್ಕೆ ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆ ನೆರವಾಯಿತು. ಒಂದು ಚದರ ಮೀಟರ್ ಚಾವಣಿಯ ಮೂಲಕ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ, 1.2 ವ್ಯಾಟ್‌ಗಿಂತ ಹೆಚ್ಚು ಶಾಖ ಹರಿಯಬಾರದೆಂದು ಅದರ ಮಿತಿ. ಬರೀ ತಾರಸಿಯದು ಸುಮಾರು 3.5. ಒಂದಿಂಚು ಹಲಗೆ ಹಾಕಿದರೆ 0.9ರ ಆಸುಪಾಸು, ಎರಡಿಂಚು ಹಾಕಿದರೆ ಸುಮಾರು 0.5. ಒಂದಿಂಚೇ ಸಾಕಿತ್ತು, ಆದರೆ ಒಮ್ಮೆ ಸುಟ್ಟುಕೊಂಡವಳು ಎರಡಿಂಚು ತರಿಸಿದೆ.

ದುಡ್ಡು ಹೊಂದಿಸಲು ಸಹಕಾರ ಸಂಘದಲ್ಲಿ 75,000 ರೂಪಾಯಿ ಮನೆ ದುರಸ್ತಿ ಸಾಲಕ್ಕೆ ಆಗಸ್ಟಿನಲ್ಲಿ ಅರ್ಜಿ ಹಾಕಿದೆವು. ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮತ್ತು 11, ಆ ವರ್ಷದ ಕಂದಾಯದ ರಸೀದಿ, ಋಣಭಾರ ಪತ್ರ, ಎಂಜಿನಿಯರ್ ಸಹಿ ಮಾಡಿದ ಅಂದಾಜುಪಟ್ಟಿ, ಇಬ್ಬರ ಜಾಮೀನು ಕೇಳಿದರು. ಋಣಭಾರ ಪತ್ರವನ್ನು ಕಾವೇರಿ ಜಾಲತಾಣದಲ್ಲಿ ಮನೆಯಿಂದಲೇ ತೆಗೆದೆ. ತೊಡಕಾದದ್ದು ಬೇರೆ ಕಡೆ: ದಾಖಲೆಯಲ್ಲಿ ನಮ್ಮ ಮನೆ ಇನ್ನೂ ಪೂರ್ತಿ ಹೆಂಚಿನದೇ ಆಗಿತ್ತು, 2004ರ ತಾರಸಿ ಸೇರಿರಲೇ ಇಲ್ಲ. ಇಲ್ಲದ ತಾರಸಿಯ ದುರಸ್ತಿಗೆ ಸಾಲ ಕೊಡುವುದು ಹೇಗೆಂದು ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಳತೆ ಮಾಡಿಸಿ, ವಿಸ್ತೀರ್ಣ ತಿದ್ದಿಸಿ, ಮಾವನವರನ್ನು ಎರಡು ಸಲ ಸಹಿಗೆ ಕರೆದೊಯ್ದು ಮುಗಿಸುವಷ್ಟರಲ್ಲಿ ನಲವತ್ತು ದಿನ ಕಳೆದವು. ಶಾಖ ತಡೆಯುವ ಪದರಕ್ಕೆ ಅರ್ಜಿಯಲ್ಲಿ ಅಂಕಣವೇ ಇಲ್ಲದ್ದರಿಂದ ಎಂಜಿನಿಯರು ಅದನ್ನು ‘ಮೇಲ್ಛಾವಣಿ ದುರಸ್ತಿ’ ಎಂದೇ ಬರೆದರು. ಇಂತಹ ಕೆಲಸಕ್ಕೆ ಹೊರಡುವವರು ಸಾಲ ಬೇಕಿರಲಿ ಬೇಡದಿರಲಿ, ನಮೂನೆ 9ರಲ್ಲಿ ಮನೆಯ ವಿವರ ಸರಿಯಿದೆಯೇ ಎಂದು ಮಳೆಗಾಲದ ಬಿಡುವಿನಲ್ಲೇ ನೋಡಿಕೊಳ್ಳುವುದು ಒಳ್ಳೆಯದು.

ಎಂಜಿನಿಯರು ಬಂದದ್ದು ಕಾಗದದ ಸಲುವಾಗಿಯಾದರೂ ಒಂದು ಮುಖ್ಯ ಮಾತು ಹೇಳಿದರು. ಹಲಗೆಯ ಮೇಲೆ ಹಾಕುವ ಒಂದೂವರೆ ಇಂಚಿನ ಕಾಂಕ್ರೀಟು ಚದರ ಮೀಟರಿಗೆ ಸುಮಾರು 95 ಕಿಲೋ ತೂಗುತ್ತದೆ. ತೊಲೆ ಮತ್ತು ಕಂಬಗಳನ್ನು ನೋಡಿ, ನಮ್ಮ ತಾರಸಿ ಅದನ್ನು ಹೊರುತ್ತದೆ, ಆದರೆ ಅದರ ಮೇಲೆ ಅಡಿಕೆ ಮೂಟೆ ಪೇರಿಸುವುದನ್ನು ನಿಲ್ಲಿಸಬೇಕು ಎಂದರು. ಈ ಷರತ್ತಿಗೆ ನನ್ನ ಯಜಮಾನರು ಒಪ್ಪಲು ಒಂದು ವಾರ ಹಿಡಿಯಿತು.

ಹಲಗೆಗಳು ನವೆಂಬರಿನಲ್ಲಿ ಬೆಂಗಳೂರಿನಿಂದ ಲಾರಿಯಲ್ಲಿ ಬಂದವು. ಹೂವಿನಷ್ಟು ಹಗುರವಾದರೂ ಜಾಗ ತಿನ್ನುವುದರಿಂದ ಸಾಗಣೆಗೆ 4,200 ರೂಪಾಯಿ ಆಯಿತು. ನಾವು ಕೇಳಿದ್ದು ಘನ ಮೀಟರಿಗೆ 32 ಕಿಲೋ ಸಾಂದ್ರತೆಯ ಹಲಗೆ. 1.25 ಮೀಟರ್ ಉದ್ದ, 0.6 ಮೀಟರ್ ಅಗಲ, 5 ಸೆಂಟಿಮೀಟರ್ ದಪ್ಪದ ಒಂದು ಹಲಗೆ ಆ ಲೆಕ್ಕಕ್ಕೆ 1.2 ಕಿಲೋ ತೂಗಬೇಕು. ಮೆಣಸು ತೂಗುವ ತಕ್ಕಡಿಗೆ ಇಟ್ಟರೆ 900 ಗ್ರಾಂ ಬಂತು. ತೂಕದ ಫೋಟೊ ಕಳುಹಿಸಿದ ಮೇಲೆ ಮಾರಾಟಗಾರರು ಮಾತಿಲ್ಲದೆ ಬದಲಿಸಿಕೊಟ್ಟರು, ಹನ್ನೆರಡು ದಿನ ತಡವಾಯಿತು. ಲಾರಿಯಿಂದ ಇಳಿಸುವಾಗಲೇ ತೂಗಿ ನೋಡಿ. ಒಮ್ಮೆ ಕಾಂಕ್ರೀಟು ಹೊದಿಸಿದ ಮೇಲೆ ಒಳಗೇನಿದೆಯೆಂದು ಯಾರಿಗೂ ತಿಳಿಯುವುದಿಲ್ಲ. ಕಾದದ್ದರಲ್ಲಿ ಒಂದು ಲಾಭವೂ ಇತ್ತು: ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿತ್ತು. ಎಸಿಗೂ ಹಾಗೆಯೇ ಇಳಿದದ್ದರಿಂದ ಮನೆಯಲ್ಲಿ ಹಳೆಯ ಚರ್ಚೆ ಮತ್ತೊಮ್ಮೆ ಎದ್ದು ಅಡಗಿತು.

ಹಾಸುವ ಕೆಲಸ ನಾಲ್ಕೇ ದಿನದ್ದು. ಮೊದಲು ತಾರಸಿಯಲ್ಲಿ ಎರಡು ದಿನ ನೀರು ಕಟ್ಟಿ ನಿಲ್ಲಿಸಿ ಬಿರುಕು ಗುರುತಿಸಿ ಮುಚ್ಚಿಸಿದೆವು. ಆಮೇಲೆ ಇಟ್ಟಿಗೆ ಜೋಡಿಸುವಂತೆ ಸಂದು ತಪ್ಪಿಸಿ ಹಲಗೆ ಹಾಸಿ, ಸಂದುಗಳಿಗೆ ಟೇಪು ಹಚ್ಚಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಕೋಳಿಬಲೆ ಹಾಕಿ ಕಾಂಕ್ರೀಟು ಎಳೆದರು. ಮೇಸ್ತ್ರಿ ಮೊದಲ ದಿನ ಹಲಗೆ ಎತ್ತಿ ನೋಡಿ, "ಟೀಚರ್, ಟಿವಿ ಡಬ್ಬದೊಳಗಿನ ಬೆಂಡು ಹಾಸೋದಕ್ಕೆ ಸಾಲ ಮಾಡಿದ್ರಾ?" ಎಂದು ನಕ್ಕಿದ್ದರು. ಕೆಲಸ ಮುಗಿದ ಮೂರನೆಯ ವಾರ ತಮ್ಮ ಮನೆಯ ಚಾವಣಿಯ ಅಳತೆ ತಂದು ಲೆಕ್ಕ ಹಾಕಿಸಿಕೊಂಡು ಹೋದರು.

ಶೀಟಿನ ಪಕ್ಕಗಳನ್ನು ತೆರೆಯಲು ಹೆಚ್ಚು ಯೋಚಿಸಬೇಕಾಯಿತು, ಏಕೆಂದರೆ ನಮ್ಮಲ್ಲಿ ಮಳೆ ಬೀಸುವುದು ನೈಋತ್ಯದಿಂದ. ಪೂರ್ವ ಮತ್ತು ಉತ್ತರದ ಶೀಟುಗಳನ್ನು ಪೂರ್ತಿ ತೆಗೆದು, ಕಬ್ಬೆಕ್ಕು ಮತ್ತು ಬಾವಲಿ ಬಾರದಂತೆ ಕಬ್ಬಿಣದ ಬಲೆ ಹಾಕಿಸಿದೆವು. ಪಶ್ಚಿಮದಲ್ಲಿ ಮೇಲ್ತುದಿಯ ತ್ರಿಕೋನದಲ್ಲಿ ಮಾತ್ರ ಕೆಳಮುಖವಾಗಿ ಓರೆಯಾದ ಪಟ್ಟಿಗಳ ಕಿಂಡಿ ಇಟ್ಟೆವು, ಬಿಸಿಗಾಳಿ ಮೇಲಿನಿಂದಲೇ ಹೊರಹೋಗಬೇಕಾದ್ದರಿಂದ. ಪಶ್ಚಿಮದ ಜಂಬಿಟ್ಟಿಗೆ ಗೋಡೆಗೆ ಮಾವನವರ ಉಪಾಯವೇ ಸಾಕಾಯಿತು: ಮಳೆಗಾಲದಲ್ಲಿ ಕಟ್ಟುವ ಅಡಿಕೆ ಸೋಗೆಯ ತಟ್ಟಿಯನ್ನು ಗೋಡೆಯಿಂದ ಒಂದು ಗೇಣು ದೂರಕ್ಕೆ ಸರಿಸಿ ಬೇಸಿಗೆಯಲ್ಲೂ ಇಟ್ಟುಕೊಂಡಿದ್ದೇವೆ. ಕೊಟ್ಟಿಗೆಯ ಹಳೆಯ ಸಿಮೆಂಟ್ ಶೀಟನ್ನು ಮಾತ್ರ ಮುಟ್ಟಲಿಲ್ಲ. ಅಂತಹವುಗಳಲ್ಲಿ ಆಸ್ಬೆಸ್ಟಾಸ್ ಇರುವುದರಿಂದ ತೂತು ಕೊರೆಯುವುದು, ಒಣಗಿದ್ದಾಗ ಒಡೆಯುವುದು ಶ್ವಾಸಕೋಶಕ್ಕೆ ಅಪಾಯ.

ಖರ್ಚಿನ ಲೆಕ್ಕ ಹೀಗಿದೆ. ಸುಮಾರು 520 ಚದರ ಅಡಿಗೆ 68 ಹಲಗೆ, ತಲಾ 450ರಂತೆ 30,600, ಸಾಗಣೆ 4,200, ಕಾಂಕ್ರೀಟು ಮತ್ತು ಕೂಲಿ 28,000, ಬಲೆ ಮತ್ತು ಕಿಂಡಿಗಳು 17,500, ಎಂಜಿನಿಯರಿಗೆ 3,000, ತಟ್ಟಿಗೆ 1,800. ಒಟ್ಟು 85,100. ನೀರಿನಲ್ಲಿ ಹೋಮವಾದ ಹಾಳೆಯ 14,800 ಸೇರಿಸಿದರೆ 99,900, ಥರ್ಮಾಮೀಟರುಗಳು ಬೇರೆ. ಕೊಳ್ಳುವ ದಿನದ ಲೆಕ್ಕದಲ್ಲಿ ಎಸಿಯೇ ಅಗ್ಗವಾಗುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಸೂರಿನ ಕೆಳಗೆ ಎಸಿಯನ್ನಿಟ್ಟಿದ್ದರೆ ಅದು ಪ್ರತಿ ರಾತ್ರಿ ಮಾವನವರನ್ನಲ್ಲ, ಕಾಂಕ್ರೀಟನ್ನು ತಂಪು ಮಾಡುತ್ತ ಕೂರಬೇಕಾಗಿತ್ತು.

ಈ ಮಾರ್ಚ್‌ನಲ್ಲಿ ಅದೇ ನೋಟ್‌ಬುಕ್ಕಿನ ಮುಂದಿನ ಪುಟಗಳಲ್ಲಿ ಮತ್ತೆ ಹತ್ತು ದಿನ ಬರೆದೆ. ಹೊರಗೆ 36 ಡಿಗ್ರಿ ಇದ್ದ ದಿನ ರಾತ್ರಿ ಎಂಟಕ್ಕೆ ಸೂರಿನ ಬಿಸಿ 41ರ ಬದಲು 33.5, ಹತ್ತಕ್ಕೆ ಕೋಣೆಯ ಗಾಳಿ 33ರ ಬದಲು 29.5. ಗೋಡೆ ಸೇರುವ ಅಂಚಿನಲ್ಲಿ ಮಾತ್ರ ಸೂರು ಇನ್ನೂ ಎರಡು ಡಿಗ್ರಿ ಹೆಚ್ಚು ಬಿಸಿ ತೋರಿಸುತ್ತದೆ, ಹೊರಚಾಚಿದ ಸಜ್ಜಾದ ಮೂಲಕ ಶಾಖ ಸುತ್ತುಬಳಸಿ ಬರುವುದರಿಂದ. ಅಲ್ಲಿಯವರೆಗೂ ಹಲಗೆ ಎಳೆಯಬೇಕೆಂದು ಆಗ ಹೊಳೆಯಲಿಲ್ಲ. ಇನ್ನೊಂದು ತೊಂದರೆ ಬಗೆಹರಿದಿಲ್ಲ. ಜನವರಿಯ ಮಂಜಿನ ಮುಂಜಾವಗಳಲ್ಲಿ ಶೀಟಿನ ಒಳಮೈ ಬೆವರಿ ಹನಿ ತೊಟ್ಟಿಕ್ಕುತ್ತದೆ, ಅಲ್ಲಿ ಒಣಹಾಕಿದ ಮೆಣಸನ್ನು ಸಂಜೆಯೇ ಎತ್ತಿಡಬೇಕು. ಓರೆಪಟ್ಟಿಯ ಕಿಂಡಿ ಎರಚಲನ್ನು ಎಷ್ಟು ತಡೆಯುತ್ತದೆಂಬುದು ಜೂನ್‌ನಲ್ಲಿ ಗೊತ್ತಾಗಬೇಕು. ಹೊಂದಿಸಲು ಎರಡು ಪಟ್ಟಿ ಹೆಚ್ಚಿಗೆ ಮಾಡಿಸಿಟ್ಟಿದ್ದೇನೆ. ಮಾವನವರು ಫೆಬ್ರವರಿಯಲ್ಲೇ ತಮ್ಮ ಕೋಣೆಗೆ ಮರಳಿದ್ದಾರೆ. ಅಡಿಕೆ ಮೂಟೆಗಳು ಸದ್ಯಕ್ಕೆ ನಾನು ಉತ್ತರಪತ್ರಿಕೆ ತಿದ್ದುವ ಕೋಣೆಯಲ್ಲಿವೆ.